ಟೋಕನ್ ಕೊಡುವ ಮೊದಲು: ಬೆಂಗಳೂರಿನಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವವರಿಗೆ

ಪ್ರಶ್ನೆ: ನಾನು ದಾವಣಗೆರೆಯವನು. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಮತ್ತು ಹೆಂಡತಿಯ ಉಳಿತಾಯ ಸೇರಿ 25 ಲಕ್ಷ ಇದೆ. ವೈಟ್‌ಫೀಲ್ಡ್ ಕಡೆ 80 ಲಕ್ಷದ ಆಸುಪಾಸಿನಲ್ಲಿ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟ್ ತೆಗೆದುಕೊಂಡು ಬಾಡಿಗೆಗೆ ಬಿಡೋಣ ಅಂತ ಯೋಚನೆ. ಬಾಡಿಗೆಯಲ್ಲೇ ಇಎಂಐ ಹೋಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಆದರೆ ಎಂಟು ತಿಂಗಳಲ್ಲಿ ಮೂರು ಫ್ಲ್ಯಾಟ್ ಕೈತಪ್ಪಿದವು. ನಾವು ಮನೆಗೆ ಬಂದು ಮಾತಾಡಿಕೊಳ್ಳುವಷ್ಟರಲ್ಲಿ ಬೇರೆ ಯಾರೋ ಟೋಕನ್ ಮುಂಗಡ ಕೊಟ್ಟಿರುತ್ತಾರೆ. "ಇಲ್ಲಿ ಯೋಚನೆ ಮಾಡೋರಿಗೆ ಮನೆ ಸಿಗಲ್ಲ ಸಾರ್" ಅನ್ನುತ್ತಾರೆ ಬ್ರೋಕರ್. ಮುಂದಿನ ಸಲ ನೋಡಿದ ದಿನವೇ ಟೋಕನ್ ಕೊಟ್ಟುಬಿಡಲೇ? ಅಥವಾ ನಮ್ಮೂರಲ್ಲೇ ಏನಾದರೂ ನೋಡಲೇ?

ಉತ್ತರ: ಸದ್ಯಕ್ಕೆ ಬೇಡ. ನೋಡಿದ ದಿನವೇ ಟೋಕನ್ ಕೊಡುವ ಧೈರ್ಯ ನಿಮಗೂ ಬರುತ್ತೆ. ಆದರೆ ಅದಕ್ಕೆ ಮನೆ ನೋಡಲು ಹೋಗುವ ಮುಂಚೆಯೇ ಒಂದಷ್ಟು ಕೆಲಸ ಮುಗಿದಿರಬೇಕು. ಕೈತಪ್ಪಿದ ಮೂರು ಫ್ಲ್ಯಾಟ್‌ಗಳ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಹಚ್ಚಿದ್ದು ಬಾಡಿಗೆಯಲ್ಲೇ ಇಎಂಐ ಹೋಗುತ್ತೆ ಅನ್ನುವ ಮಾತು. ಮೊದಲು ಆ ಲೆಕ್ಕ ಬಿಡಿಸೋಣ.

ಬೆಲೆ 80 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಬೆಲೆಯ 80% ಮೀರಿ ಕೊಡುವಂತಿಲ್ಲ. ಹಾಗಾಗಿ ಸಾಲ ಹೆಚ್ಚೆಂದರೆ 64 ಲಕ್ಷ, ನಿಮ್ಮ ಕೈಯಿಂದ 16 ಲಕ್ಷ. ಈ ಲೆಕ್ಕದಲ್ಲಿ ನೋಂದಣಿ ಖರ್ಚು ಸೇರುವುದಿಲ್ಲ. ಬೆಂಗಳೂರಿನಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿದರೆ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%, ಅಂದರೆ 6 ಲಕ್ಷದ 8 ಸಾವಿರ. ಇಲ್ಲಿಗೇ 22 ಲಕ್ಷ ಆಯಿತು. ಕಮಿಷನ್, ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀ, ಪೇಂಟಿಂಗ್, ಗೀಸರ್, ಸೊಳ್ಳೆ ಜಾಲರಿ ಅಂತ ಸೇರಿಸುತ್ತಾ ಹೋದರೆ ನಿಮ್ಮ 25 ಲಕ್ಷ ಪೂರ್ತಿ ಖಾಲಿ. ಆಪತ್ತಿಗೆ ಅಂತ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಇನ್ನು ತಿಂಗಳ ಲೆಕ್ಕ. 64 ಲಕ್ಷಕ್ಕೆ 8.5% ಬಡ್ಡಿ, 20 ವರ್ಷ ಅಂತ ಇಟ್ಟುಕೊಳ್ಳಿ. ಇಎಂಐ ಸುಮಾರು 55,500. ಮೊದಲ ತಿಂಗಳು ಅದರಲ್ಲಿ 45,300 ಬಡ್ಡಿಗೇ ಹೋಗುತ್ತದೆ, ಅಸಲು ತೀರುವುದು ಹತ್ತು ಸಾವಿರ ಚಿಲ್ಲರೆ. ಬಾಡಿಗೆ 25,000 ಬಂತು ಅನ್ನೋಣ. ವರ್ಷಕ್ಕೆ 3 ಲಕ್ಷ. ಒಂದು ತಿಂಗಳು ಮನೆ ಖಾಲಿ ಇರುತ್ತೆ ಅಂತಲೇ ಹಿಡಿಯಿರಿ, 25 ಸಾವಿರ ಹೋಯಿತು. ಆ ತಿಂಗಳ ಮೇಂಟೆನೆನ್ಸ್ ನಿಮ್ಮದೇ. ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿ ಕಳೆದರೆ ಕೈಗೆ ಉಳಿಯುವುದು ಎರಡೂವರೆ ಲಕ್ಷದೊಳಗೆ. ತಿಂಗಳಿಗೆ 20 ಸಾವಿರ ಚಿಲ್ಲರೆ ಅಷ್ಟೇ. ಉಳಿದ 35 ಸಾವಿರ ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ಬರಬೇಕು.

ಆಸ್ತಿ ತೆರಿಗೆಯ ವಿಚಾರದಲ್ಲಿ ಒಂದು ಮಾತು. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ತೆರಿಗೆ ದರ ಸ್ವಂತಕ್ಕೆ ಇಟ್ಟುಕೊಂಡ ಮನೆಯ ದುಪ್ಪಟ್ಟು. ಮಾರುವವರು ತೋರಿಸುವ ರಸೀದಿ ಅವರು ವಾಸವಿದ್ದಾಗಿನದ್ದಾಗಿರುತ್ತದೆ, ಅದನ್ನೇ ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ. ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಸಿಗುತ್ತೆ, ಅದನ್ನು ಬಿಡಬೇಡಿ.

ಆದಾಯ ತೆರಿಗೆಯಲ್ಲಿ ಉಳಿಯುತ್ತೆ ಅಂತ ಗೆಳೆಯರು ಹೇಳಿರಬಹುದು. ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ 30% ವಿನಾಯಿತಿ ಪಡೆದು, ಆಮೇಲೆ ಪೂರ್ತಿ ಬಡ್ಡಿಯನ್ನೂ ಕಳೆಯಬಹುದು ಅನ್ನುವುದು ನಿಜ. ನಿಮ್ಮ ಲೆಕ್ಕದಲ್ಲಿ ಅದು ನಷ್ಟವನ್ನೇ ತೋರಿಸುತ್ತದೆ, ಬಾಡಿಗೆ ಮೇಲೆ ತೆರಿಗೆ ಬರುವುದಿಲ್ಲ. ಆದರೆ ಆ ನಷ್ಟವನ್ನು ಸಂಬಳದಿಂದ ಕಳೆಯಲು ಹಳೇ ಪದ್ಧತಿಯಲ್ಲಿ ಮಾತ್ರ ಅವಕಾಶ, ಅದೂ ವರ್ಷಕ್ಕೆ 2 ಲಕ್ಷದವರೆಗೆ. ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದರೆ ಅದೂ ಇಲ್ಲ.

ಹಾಗಾದರೆ ಕೊಳ್ಳಲೇಬಾರದಾ? ಕೊಳ್ಳಿ. ಆದರೆ ಚಿಕ್ಕದು ಕೊಳ್ಳಿ. 48 ಲಕ್ಷಕ್ಕೆ ಒಂದು ಬೆಡ್‌ರೂಮಿನ ಮನೆ ಸಿಕ್ಕಿ, ಅದಕ್ಕೆ 18,000 ಬಾಡಿಗೆ ಬರುವಂತಿದ್ದರೆ ಲೆಕ್ಕ ಹೇಗೆ ಬದಲಾಗುತ್ತೆ ನೋಡಿ. ಸಾಲ 30 ಲಕ್ಷ, ಇಎಂಐ 26,000. ಖರ್ಚು ಕಳೆದು ಬಾಡಿಗೆ 14,500 ಉಳಿದರೆ ಕೈಯಿಂದ ಹಾಕುವುದು ಹನ್ನೊಂದೂವರೆ ಸಾವಿರ. ನೋಂದಣಿ ಸೇರಿ ಕೈಯಿಂದ ಹೋಗುವುದು ಇಪ್ಪತ್ತೊಂದೂ ಮುಕ್ಕಾಲು ಲಕ್ಷದ ಹತ್ತಿರ. ಉಳಿದ ಮೂರು ಲಕ್ಷದಲ್ಲಿ ಮಿಕ್ಕ ಖರ್ಚು ನೋಡಿಕೊಂಡು, ಸ್ವಲ್ಪ ಉಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ವರ್ಷದ ಬಾಡಿಗೆ ಸಾಮಾನ್ಯವಾಗಿ ಮನೆ ಬೆಲೆಯ 3-4% ಆಸುಪಾಸಿನಲ್ಲಿ ಇರುತ್ತದೆ. ಚಿಕ್ಕ ಮನೆಗಳಲ್ಲಿ ಅದು ಸ್ವಲ್ಪ ಮೇಲಿರುತ್ತದೆ, ದೊಡ್ಡ ಮನೆಗಳಲ್ಲಿ ಕೆಳಗಿಳಿಯುತ್ತದೆ. ಮೂರು ಬೆಡ್‌ರೂಮಿನ ಮನೆ ಒಂದೂವರೆ ಕೋಟಿ ಅಂದರೂ ಅದರ ಬಾಡಿಗೆ ಅದೇ ಲೆಕ್ಕದಲ್ಲಿ ಏರುವುದಿಲ್ಲ.

ಈಗ ಪೈಪೋಟಿಯ ವಿಚಾರ. ನೀವು ಕಳೆದುಕೊಂಡ ಮೂರು ಫ್ಲ್ಯಾಟ್‌ಗಳನ್ನು ಕೊಂಡವರು ಯಾರು ಅಂತ ಯೋಚಿಸಿದ್ದೀರಾ? ಬಹುಶಃ ತಾವೇ ವಾಸ ಮಾಡಲು ಹುಡುಕುತ್ತಿದ್ದವರು. ಅವರಿಗೆ ಪೂರ್ವದ ಬಾಗಿಲು ಬೇಕು, ದೇವರ ಕೋಣೆ ಬೇಕು, ಬಾಲ್ಕನಿಯಿಂದ ಹಸಿರು ಕಾಣಬೇಕು. ಅದಕ್ಕೆ ಐದು ಲಕ್ಷ ಜಾಸ್ತಿ ಕೊಡಲೂ ಸಿದ್ಧ. ನೀವು ಅವರ ಜೊತೆ ಅದೇ ಮನೆಗೆ ಗುದ್ದಾಡುತ್ತಿದ್ದೀರಿ. ಬಾಡಿಗೆದಾರ ಆ ಬಾಲ್ಕನಿಗೆ ಐನೂರು ರೂಪಾಯಿ ಜಾಸ್ತಿ ಕೊಟ್ಟರೆ ಹೆಚ್ಚು.

ಇದನ್ನು ನಾನು ಕಲಿತದ್ದು ಬಾಡಿಗೆಗೆ ಬಿಡಲೆಂದು ಕೊಂಡ ನನ್ನ ಮೊದಲ ಮನೆಯಿಂದ. ಪಾರ್ಕಿನ ಎದುರಿಗಿತ್ತು. ಬೆಳಕು, ಗಾಳಿ ಎರಡೂ ಚೆನ್ನಾಗಿತ್ತು. ನಾನೇ ಅಲ್ಲಿರಬಾರದೇ ಅನ್ನಿಸುವಂಥ ಮನೆ. ಐದು ತಿಂಗಳು ಖಾಲಿ ಬಿದ್ದಿತ್ತು. ಒಂದು ಸಂಜೆ ಮನೆ ನೋಡಲು ಒಬ್ಬ ಹುಡುಗಿ ಬಂದಳು. ಅಡುಗೆಮನೆಯ ನಲ್ಲಿ ತಿರುಗಿಸಿದಳು, ಬಚ್ಚಲು ನೋಡಿದಳು, ಆಮೇಲೆ ಕಿಟಕಿ ಹತ್ತಿರ ನಿಂತು ಹೊರಗೆ ರಸ್ತೆಯನ್ನೇ ನೋಡಿದಳು. "ಮನೆ ತುಂಬಾ ಚೆನ್ನಾಗಿದೆ ಅಂಕಲ್. ಆದರೆ ನನ್ನ ಶಿಫ್ಟ್ ಮುಗಿಯೋದು ರಾತ್ರಿ ಹತ್ತಕ್ಕೆ. ಬಸ್‌ಸ್ಟಾಪಿಂದ ಈ ರಸ್ತೇಲಿ ಒಬ್ಬಳೇ ಹೇಗೆ ನಡೆದು ಬರಲಿ?" ಅಂದಳು. ಮುಖ್ಯರಸ್ತೆಯಿಂದ ಒಂದೂವರೆ ಕಿಲೋಮೀಟರು, ಅರ್ಧ ದಾರಿಗೆ ಬೀದಿದೀಪ ಇರಲಿಲ್ಲ. ಕೊಳ್ಳುವ ಮುಂಚೆ ನಾನು ನಾಲ್ಕು ಸಲ ಆ ಮನೆಗೆ ಹೋಗಿದ್ದೆ. ನಾಲ್ಕೂ ಸಲ ಹಗಲು ಹೊತ್ತು, ನಾಲ್ಕೂ ಸಲ ಕಾರಿನಲ್ಲಿ.

ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇಷ್ಟು: ಮನೆ ಹುಡುಕುವ ಮುಂಚೆ ಬಾಡಿಗೆದಾರರನ್ನು ಹುಡುಕಿ. ನಿಮ್ಮ ಮನೆಯಲ್ಲಿ ಯಾರು ಇರುತ್ತಾರೆ? ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ಕಡೆ ಕೆಲಸ ಮಾಡುವ ಇಬ್ಬರು ಗೆಳತಿಯರಾ? ಹೊಸದಾಗಿ ಮದುವೆಯಾದವರಾ? ಆಸ್ಪತ್ರೆಯ ನರ್ಸುಗಳಾ? ಅವರು ಯಾವುದರಲ್ಲಿ ಓಡಾಡುತ್ತಾರೆ? ನೇರಳೆ ಮೆಟ್ರೊ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾಯಿತು. ಕುಂದಲಹಳ್ಳಿ, ಹೂಡಿ, ಗರುಡಾಚಾರ್‌ಪಾಳ್ಯದಂಥ ಸ್ಟೇಷನ್ನಿನಲ್ಲಿ ಇಳಿದು ನೀವೇ ನಡೆದು ನೋಡಿ. ಹತ್ತು ಹನ್ನೆರಡು ನಿಮಿಷದಲ್ಲಿ ಮುಟ್ಟುವ, ಫುಟ್‌ಪಾತ್ ಇರುವ, ಕೆಳಗೆ ಹಾಲಿನ ಅಂಗಡಿ, ದರ್ಶಿನಿ ಇರುವ ಬೀದಿಗಳನ್ನು ಗುರುತು ಹಾಕಿಕೊಳ್ಳಿ. ಅಲ್ಲಿನ ಹನ್ನೆರಡು ವರ್ಷ ಹಳೆಯ, ಲಿಫ್ಟ್ ಸರಿಯಿರುವ, ನೋಡಲು ಸಾದಾ ಆದ ಅಪಾರ್ಟ್‌ಮೆಂಟುಗಳಿಗೆ ಜನ ಮುಗಿಬೀಳುವುದು ಕಡಿಮೆ. ಪಶ್ಚಿಮಕ್ಕೆ ಬಾಗಿಲು ಅಂತ ಬೇಡ ಅಂದವರೂ ಇರುತ್ತಾರೆ. ನಿಮಗೆ ಬೇಕಾದ್ದು ಆ ಮನೆಯೇ.

ಆ ಬೀದಿಗಳಲ್ಲಿ ಬಾಡಿಗೆ ಎಷ್ಟು ಅಂತ ಬ್ರೋಕರ್ ಹತ್ತಿರ ಕೊಳ್ಳುವವರಾಗಿ ಕೇಳಬೇಡಿ. ಬಾಡಿಗೆಗೆ ಮನೆ ಹುಡುಕುವವರಾಗಿ ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿ. ಎರಡು ಉತ್ತರಗಳ ನಡುವಿನ ಅಂತರ ನಿಮಗೇ ಗೊತ್ತಾಗುತ್ತೆ. ಅದೇ ಬೋರ್ಡು ಮೂರು ವಾರ ಬಿಟ್ಟು ಹೋದಾಗಲೂ ಅಲ್ಲೇ ನೇತಾಡುತ್ತಿದ್ದರೆ, ಆ ಬಾಡಿಗೆಗೆ ಅಲ್ಲಿ ಜನ ಬರುತ್ತಿಲ್ಲ ಅಂತಲೇ ಅರ್ಥ.

ಆಮೇಲೆ ನೀರು. ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಸುತ್ತಮುತ್ತ ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿಗೆ ಕಾದು ಕೂತದ್ದು ನೀವೂ ನೋಡಿದ್ದೀರಿ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ ಅದು. ಆದರೆ ರಸ್ತೆಯಲ್ಲಿ ಪೈಪು ಬಂದ ಮಾತ್ರಕ್ಕೆ ನಿಮ್ಮ ಫ್ಲ್ಯಾಟಿಗೆ ನೀರು ಬಂದಂತಲ್ಲ. ಅಪಾರ್ಟ್‌ಮೆಂಟಿನವರು ಜಲಮಂಡಳಿಗೆ ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಂಡಿರಬೇಕು. ಸುಮ್ನೆ "ಕಾವೇರಿ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಜಲಮಂಡಳಿಯ ಬಿಲ್ ತೋರಿಸಿ ಅನ್ನಿ. ಅಸೋಸಿಯೇಷನ್ನಿನ ಲೆಕ್ಕದಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚು ಎಷ್ಟಿದೆ ನೋಡಿ. ಇದಕ್ಕೆಲ್ಲ ಪುರುಸೊತ್ತಿಲ್ಲ ಅಂದರೆ ಗೇಟಿನ ಸೆಕ್ಯುರಿಟಿಯವರ ಹತ್ತಿರ ಎರಡು ನಿಮಿಷ ನಿಂತು ದಿನಕ್ಕೆ ಎಷ್ಟು ಲೋಡ್ ಬರುತ್ತೆ ಅಂತ ವಿಚಾರಿಸಿ. ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ಹೀಗೆ ನಾಲ್ಕೈದು ಅಪಾರ್ಟ್‌ಮೆಂಟುಗಳನ್ನು ಮೊದಲೇ ಆರಿಸಿಟ್ಟುಕೊಂಡರೆ ನಿಮ್ಮ ಮುಖ್ಯ ಕಷ್ಟ ಅರ್ಧ ತೀರಿತು. ಯಾಕಂದರೆ ಕಾಗದಪತ್ರದ ಬಹುಪಾಲು ಇಡೀ ಕಟ್ಟಡಕ್ಕೆ ಒಂದೇ. ಮೂಲಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಅಧಿಕೃತ ಪ್ರಮಾಣಪತ್ರ). ಇವನ್ನು ಒಬ್ಬ ಒಳ್ಳೇ ವಕೀಲರಿಗೆ ಕೊಟ್ಟು ಮೊದಲೇ ಓದಿಸಿಬಿಡಿ. ನಾಲ್ಕು ಕಟ್ಟಡಕ್ಕೆ ಫೀಸು ಕೊಡಬೇಕಲ್ಲ ಅಂತ ಹಿಂಜರಿಯಬೇಡಿ. 50 ಲಕ್ಷದ ವ್ಯವಹಾರದಲ್ಲಿ ಅದು ಲೆಕ್ಕಕ್ಕೆ ಬರುವಂಥ ದುಡ್ಡಲ್ಲ. ಓಸಿ ಇಲ್ಲದ ಕಟ್ಟಡವನ್ನು ಅಲ್ಲೇ ಕೈಬಿಡಿ. ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ವಕೀಲರು ನೋಡಲೇಬೇಕು. ಅಂಥ ಜಮೀನನ್ನು ಬೇರೆಯವರಿಗೆ ಮಾರಲು, ವರ್ಗಾಯಿಸಲು 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ನಿರ್ಬಂಧ ಇದೆ. 2023ರ ತಿದ್ದುಪಡಿ ಬಂದ ಮೇಲೆ, ಆ ಮಾರಾಟ ನಡೆದು ಎಷ್ಟೋ ವರ್ಷವಾಯಿತು ಅಂತ ಸುಮ್ಮನಿರುವ ಹಾಗಿಲ್ಲ.

ಬ್ಯಾಂಕಿನಲ್ಲೂ ಮೊದಲೇ ಸಾಲ ಮಂಜೂರು ಮಾಡಿಸಿಟ್ಟುಕೊಳ್ಳಿ. ಅದೇ ಬ್ಯಾಂಕು ಆ ಅಪಾರ್ಟ್‌ಮೆಂಟಿನಲ್ಲಿ ಈಗಾಗಲೇ ಬೇರೆಯವರಿಗೆ ಸಾಲ ಕೊಟ್ಟಿದ್ದರೆ ಕೆಲಸ ಇನ್ನೂ ಬೇಗ. ಇಷ್ಟಾದ ಮೇಲೆ ಆ ಕಟ್ಟಡದಲ್ಲಿ ಫ್ಲ್ಯಾಟ್ ಮಾರಾಟಕ್ಕೆ ಬಂದ ದಿನ ನೀವು ನೋಡಬೇಕಾದ್ದು ಆ ಒಂದು ಫ್ಲ್ಯಾಟಿನ ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ, ತೆರಿಗೆ ರಸೀದಿ, ಅಸೋಸಿಯೇಷನ್ ಬಾಕಿ, ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿನ ಪತ್ರ. ಎರಡು ದಿನದ ಕೆಲಸ. ಆಗ ನೀವು ನೋಡಿದ ದಿನವೇ ಟೋಕನ್ ಕೊಟ್ಟರೂ ನಾನು ಬೇಡ ಅನ್ನುವುದಿಲ್ಲ.

ಖಾತಾ ಬಗ್ಗೆ ಒಂದು ಎಚ್ಚರಿಕೆ. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಹಾಗಾಗಿ "ಇ-ಖಾತಾ ಆಗಿದೆ ಸಾರ್, ಎಲ್ಲಾ ಕ್ಲಿಯರ್" ಅನ್ನುತ್ತಾರೆ. ಆದರೆ ಖಾತಾ ಅನ್ನುವುದು ತೆರಿಗೆ ಕಟ್ಟುವವರ ಲೆಕ್ಕ. ಮಾಲೀಕತ್ವ ಕ್ರಯಪತ್ರಗಳ ಸರಣಿಯಿಂದ ಬರುತ್ತದೆ. ಎ ಖಾತಾನಾ ಬಿ ಖಾತಾನಾ ಅನ್ನುವುದನ್ನೂ ಕೇಳಿ. ಬಿ (ಅನುಮತಿ, ನಿಯಮಗಳಲ್ಲಿ ಕೊರತೆ ಇರುವ ಆಸ್ತಿ) ಆದರೆ ಬಹಳ ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡುತ್ತವೆ, ನಾಳೆ ನೀವು ಮಾರುವಾಗಲೂ ಅದೇ ಕಷ್ಟ. ಇಸಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಆದರೆ ಅಣ್ಣತಮ್ಮಂದಿರು ಕೋರ್ಟಿನಲ್ಲಿ ಹಾಕಿರುವ ಪಾಲಿನ ದಾವೆ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ವಕೀಲರಿಗೆ ಅದನ್ನು ಬೇರೆಯಾಗಿಯೇ ಹುಡುಕಲು ಹೇಳಿ.

ಟೋಕನ್ ಕೊಡುವಾಗ ದೊಡ್ಡ ಮೊತ್ತ ಬೇಡ. ಬ್ಯಾಂಕ್ ಮೂಲಕವೇ, ಮಾಲೀಕರ ಖಾತೆಗೇ ಹಾಕಿ, ಬ್ರೋಕರ್ ಖಾತೆಗೆ ಬೇಡವೇ ಬೇಡ. ಕಾಗದಪತ್ರ ಸರಿ ಬರದಿದ್ದರೆ ಅಥವಾ ಬ್ಯಾಂಕ್ ಸಾಲ ಒಪ್ಪದಿದ್ದರೆ ಇಂತಿಷ್ಟು ದಿನದಲ್ಲಿ ಪೂರ್ತಿ ವಾಪಸ್ ಅಂತ ಒಂದು ಸಾಲು ಬರೆಸಿ ಇಬ್ಬರೂ ಸಹಿ ಹಾಕಿ. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ, ಮಾತೇ ಮಾತು" ಅನ್ನುವವರ ಮನೆ ಬಿಟ್ಟುಬಿಡಿ. ಸ್ವಲ್ಪ ಕ್ಯಾಶ್ ಕೊಡಿ ಅಂತಲೂ ಕೇಳುತ್ತಾರೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಪಡೆಯುವುದು ಕಾನೂನಿಗೆ ವಿರುದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಲ್ಲದೆ ಕ್ಯಾಶ್ ಕೊಟ್ಟ ಭಾಗಕ್ಕೆ ಬ್ಯಾಂಕ್ ಸಾಲ ಬರುವುದಿಲ್ಲ, ಮುಂದೆ ಮಾರುವಾಗ ಅದು ನಿಮ್ಮ ಲಾಭವಾಗಿ ಕಂಡು ತೆರಿಗೆ ಬೀಳುತ್ತದೆ.

ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ವೈಟ್‌ಫೀಲ್ಡ್ ಕಡೆಯ ಎಷ್ಟೋ ಫ್ಲ್ಯಾಟುಗಳ ಮಾಲೀಕರು ಅಮೆರಿಕದಲ್ಲೋ ದುಬೈನಲ್ಲೋ ಇರುತ್ತಾರೆ. ಮಾರುವವರು ಅನಿವಾಸಿಗಳಾದರೆ ಈ 1% ಲೆಕ್ಕ ನಡೆಯುವುದಿಲ್ಲ. ಹಿಡಿಯಬೇಕಾದ ತೆರಿಗೆ ಬಹಳ ಜಾಸ್ತಿ, ಹಿಡಿಯದಿದ್ದರೆ ಇಲಾಖೆ ನಿಮ್ಮನ್ನೇ ಕೇಳುತ್ತದೆ. ಮೊದಲ ಮಾತಿನಲ್ಲೇ ಇದನ್ನು ವಿಚಾರಿಸಿ, ಹೌದಾದರೆ ಸಿಎ ಇಲ್ಲದೆ ಮುಂದೆ ಹೋಗಬೇಡಿ.

ಕಟ್ಟುತ್ತಿರುವ ಫ್ಲ್ಯಾಟ್ ನೋಡಲಾ ಅಂತ ನೀವು ಕೇಳಿಲ್ಲ, ಆದರೆ ಬ್ರೋಕರ್ ತೋರಿಸಿಯೇ ತೋರಿಸುತ್ತಾರೆ. ಬಾಡಿಗೆಗೆ ಅಂತ ಮೊದಲ ಸಲ ಕೊಳ್ಳುವವರಿಗೆ ನನ್ನ ಉತ್ತರ ಬೇಡ. 45 ಲಕ್ಷ ದಾಟಿದ ಫ್ಲ್ಯಾಟಿಗೆ 5% ಜಿಎಸ್‌ಟಿ, ಮೂರು ನಾಲ್ಕು ವರ್ಷ ಬಾಡಿಗೆ ಇಲ್ಲ, ಈ ನಡುವೆ ನೀವಿರುವ ಮನೆಯ ಬಾಡಿಗೆ, ಸಾಲದ ಬಡ್ಡಿ ಎರಡೂ ನಿಮ್ಮ ತಲೆಗೆ. ಓಸಿ ಬಂದ ಮನೆಗೆ ಜಿಎಸ್‌ಟಿ ಇಲ್ಲ.

ಕೊಂಡ ಮೇಲಿನ ಮಾತೂ ಸ್ವಲ್ಪ ಹೇಳಿಬಿಡುತ್ತೇನೆ. ಎಲ್ಲರೂ 11 ತಿಂಗಳ ಕರಾರು ಯಾಕೆ ಮಾಡುತ್ತಾರೆ ಗೊತ್ತಾ? ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ನಿಮ್ಮ ಮತ್ತು ಬಾಡಿಗೆದಾರರ ನಡುವೆ ಜಗಳ ಬಂದರೆ ಮೊದಲು ನೋಡುವುದು ನೀವು ಬರೆದುಕೊಂಡ ಕರಾರನ್ನೇ. ಅಡ್ವಾನ್ಸ್ ಎಷ್ಟು, ಪೇಂಟಿಂಗಿಗೆ ಎಷ್ಟು ಹಿಡಿಯುತ್ತೀರಿ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಮೋಟಾರು ಕೆಟ್ಟರೆ ಯಾರ ಖರ್ಚು, ಎಲ್ಲವನ್ನೂ ಬಿಡಿಸಿ ಬರೆಯಿರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೇ ಅಭ್ಯಾಸ ಇನ್ನೂ ಇದೆ. ನಾನು ನಾಲ್ಕೈದು ತಿಂಗಳಿಗೆ ಮೇಲೆ ಕೇಳಬೇಡಿ ಅನ್ನುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಎರಡು ಲಕ್ಷ ಹೊಂದಿಸುವುದು ಕಷ್ಟ, ಕಡಿಮೆ ಕೇಳಿದರೆ ಒಳ್ಳೆಯ ಬಾಡಿಗೆದಾರರು ಬೇಗ ಸಿಗುತ್ತಾರೆ. ಆ ದುಡ್ಡನ್ನು ಮುಟ್ಟಬೇಡಿ, ಬೇರೆ ಎಫ್‌ಡಿ ಮಾಡಿಡಿ. ಅದು ಅವರದ್ದು. ವಾಪಸ್ ಕೊಡುವ ದಿನ ಸತಾಯಿಸುವ ಮಾಲೀಕರಿಂದಾಗಿ ಎಷ್ಟು ಜನ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ನೀವು ಆ ಸಾಲಿಗೆ ಸೇರಬೇಡಿ.

ಕೈಯಲ್ಲಿ ದುಡ್ಡು ಸಾಲದೆ ಬಂದಾಗ ಮನೆಯನ್ನು ಭೋಗ್ಯಕ್ಕೆ ಹಾಕಿ, ಬಂದ ಹದಿನೈದು ಲಕ್ಷದಲ್ಲಿ ಸಾಲ ತೀರಿಸು ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಮೂರು ವರ್ಷ ಬಿಟ್ಟು ಆ ಹದಿನೈದು ಲಕ್ಷ ಒಂದೇ ಸಲ ವಾಪಸ್ ಕೊಡಬೇಕು, ನಡುವೆ ಬಾಡಿಗೆಯೂ ಇಲ್ಲ. ಇಎಂಐ ಕಟ್ಟುವವರಿಗೆ ಅದು ಸರಿಹೋಗುವುದಿಲ್ಲ.

ಕೊನೆಗೆ ದಾವಣಗೆರೆ. ಅಲ್ಲಿ ಅಪ್ಪ ಅಮ್ಮ ಇದ್ದು, ನಿಮ್ಮ ಹೆಸರಿಗೋ ಮನೆಯವರ ಹೆಸರಿಗೋ ಸೈಟ್ ಇದ್ದರೆ, ಕೆಳಗೊಂದು ಮೇಲೊಂದು ಚಿಕ್ಕ ಮನೆ ಕಟ್ಟಿಸುವುದು ನಿಜವಾಗಿಯೂ ಯೋಚಿಸಬೇಕಾದ ದಾರಿ. ಜಮೀನಿಗೆ ದುಡ್ಡು ಹಾಕುವಂತಿಲ್ಲವಾದ್ದರಿಂದ, ಬಾಡಿಗೆ ಕಡಿಮೆ ಬಂದರೂ ಹಾಕಿದ ದುಡ್ಡಿಗೆ ಹೋಲಿಸಿದರೆ ಗಿಟ್ಟುತ್ತದೆ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಊರು ಅದು, ಚಿಕ್ಕ ಮನೆ ಕೇಳಿಕೊಂಡು ಬರುವವರಿದ್ದಾರೆ. ಮನೆ ಖಾಲಿಯಾದರೆ ಬೀಗದ ಕೈ ಹಿಡಿದು ತೋರಿಸಲು ಮನೆಯವರೇ ಇರುತ್ತಾರೆ. ಸೈಟ್ ಇಲ್ಲ, ಅದನ್ನೂ ಸಾಲ ಮಾಡಿ ಕೊಳ್ಳಬೇಕು ಅಂದರೆ ಮಾತ್ರ ಅಲ್ಲಿಗೆ ಹೋಗಬೇಡಿ. ಹಾಗಿದ್ದರೆ ಬರುವ ಎರಡು ಮೂರು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು, ಸಂಜೆ ಏಳರ ಮೇಲೆ, ಕುಂದಲಹಳ್ಳಿ ಸ್ಟೇಷನ್ನಿನಿಂದ ನಡೆಯಲು ಶುರು ಮಾಡಿ.